ಮತ್ತೆ ಬಾರದ ಟಿಕೆಟ್: ಐಟಿ ಸಪೋರ್ಟ್ ಕೆಲಸದಲ್ಲಿ ತೃಪ್ತಿ ಕಂಡುಕೊಳ್ಳುವ ಬಗೆ

ಕೆಲಸಕ್ಕೆ ಸೇರಿದ ಹೊಸತು. ಸಿಸ್ಟಮ್ ಸ್ಲೋ ಅಂತ ಟಿಕೆಟ್ (ಅಂದರೆ ನಮ್ಮ ಟೂಲ್‌ನಲ್ಲಿ ದಾಖಲಾಗುವ ದೂರು) ಬಂದಿತ್ತು, ಒಬ್ಬರು ಮೇಡಂ ಸೀಟಿಗೆ ಹೋದೆ. "ಕೊನೇ ಸಲ ಯಾವಾಗ ರಿಸ್ಟಾರ್ಟ್ ಮಾಡಿದ್ರಿ ಮೇಡಂ?" ಅಂದೆ. "ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಹೋಗ್ತೀನಪ್ಪ" ಅಂದರು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಅಪ್‌ಟೈಮ್, ಅಂದರೆ ರಿಸ್ಟಾರ್ಟ್ ಆಗದೆ ಓಡುತ್ತಿರುವ ಅವಧಿ, 23 ದಿನ. ಒಳಗೊಳಗೇ ನಕ್ಕೆ. ರಿಸ್ಟಾರ್ಟ್ ಮಾಡಿದೆ, ಸರಿಹೋಯಿತು, ಟಿಕೆಟ್ ಕ್ಲೋಸ್ ಮಾಡಿದೆ. ವಾಪಸ್ ಬಂದು ಪಕ್ಕದ ಸೀಟಿನವನಿಗೆ ಹೇಳಿ ಇನ್ನೊಂದು ಸಲ ನಕ್ಕೆ.

ಅವರು ಸುಳ್ಳು ಹೇಳಿರಲಿಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನೋದು ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ, ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳು ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಬೆಳಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಅಪ್‌ಟೈಮ್ ಎಣಿಕೆ ನಿಲ್ಲುವುದೇ ಇಲ್ಲ. ರಿಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಇನ್ನೆಷ್ಟು ಜನರನ್ನು ಸುಳ್ಳುಬುರುಕರು ಅಂದುಕೊಂಡಿದ್ದೆನೋ!

ಆ ದಿನಗಳಲ್ಲಿ ನನಗೆ ಈ ಕೆಲಸ ಸಾಕುಸಾಕಾಗಿತ್ತು. ಯೂಸರ್‌ಗಳಿಗೆ ಏನೂ ಗೊತ್ತಿಲ್ಲ, ಟಿಕೆಟ್‌ಗಳೆಲ್ಲ ಒಂದೇ ಥರ, ಒಂದು ಥ್ಯಾಂಕ್ಸ್ ಅನ್ನುವವರೂ ಇಲ್ಲ ಅಂತ ಗೊಣಗುತ್ತಿದ್ದೆ. ಗೊಣಗಾಟ ಕಡಿಮೆಯಾಗಿದ್ದು ಸಂಬಳ ಏರಿದಾಗಲ್ಲ. ಸುಮ್ನೆ ಟಿಕೆಟ್ ಮುಚ್ಚುವುದು ಬಿಟ್ಟು ಅದರ ಹಿಂದೆ ಬೀಳತೊಡಗಿದಾಗ. ಆಮೇಲಿನ ವರ್ಷಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ಎರಡರಿಂದ ಶುರು ಮಾಡಿ.

1. ಬೇಸರ ಎಲ್ಲಿಂದ ಬರುತ್ತಿದೆ ಅಂತ ನೋಡಿ

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಕೆಲಸದ ಸುತ್ತಮುತ್ತ ಇರುವುದನ್ನು ಬರೆಯಿರಿ: ಸಂಬಳ, ಶಿಫ್ಟ್, ಮ್ಯಾನೇಜರ್, ರಜೆ, ಕೂರುವ ಕುರ್ಚಿ, ಆಫೀಸಿನ ರೂಲ್ಸು. ಬಲಗಡೆ ಕೆಲಸದ ಒಳಗೇ ಇರುವುದು: ಏನನ್ನು ಮಾಡಿ ಮುಗಿಸಿದೆ, ಏನು ಕಲಿತೆ, ಯಾವುದನ್ನು ನನ್ನನ್ನು ನಂಬಿ ಬಿಟ್ಟಿದ್ದಾರೆ, ಯಾರು ಗುರುತಿಸಿದರು. ಈಗ ನಿಮ್ಮ ಸಿಟ್ಟು ಯಾವ ಕಡೆಯದ್ದು ಅಂತ ಗುರುತು ಹಾಕುತ್ತಾ ಹೋಗಿ.

ಈ ಗೆರೆ ನಾನು ಎಳೆದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ ಮತ್ತು ಅವರ ಜೊತೆಗಾರರು ಸುಮಾರು 200 ಎಂಜಿನಿಯರ್‌, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ ಮಾತು. ಎಡಗಡೆಯದ್ದು ಕೆಟ್ಟರೆ ಮನುಷ್ಯ ಕಂಗೆಡುತ್ತಾನೆ. ಆದರೆ ಅದು ಸರಿಹೋದರೆ ಗೊಣಗಾಟ ನಿಲ್ಲುತ್ತದೆ ಅಷ್ಟೆ, ಖುಷಿ ಹುಟ್ಟುವುದಿಲ್ಲ. ಖುಷಿ ಬಲಗಡೆಯಿಂದ ಬರುತ್ತದೆ. ಇದಕ್ಕೆ ಟೀಕೆಯೂ ಇದೆ: ಒಳ್ಳೆಯದಾದರೆ "ನಾನು ಮಾಡಿದ್ದು", ಕೆಟ್ಟದ್ದಾದರೆ "ಕಂಪನಿ ಸರಿಯಿಲ್ಲ" ಅನ್ನುವುದು ಎಲ್ಲರ ಗುಣ, ಮಾತಾಡಿಸಿದರೆ ಹೀಗೇ ಹೇಳುತ್ತಾರೆ ಅಂತ. ಟೀಕೆ ನಿಜ ಅನ್ನಿಸಿದರೂ ಈ ಹಾಳೆ ನನಗಂತೂ ಕೆಲಸಕ್ಕೆ ಬಂತು.

ಯಾಕೆಂದರೆ ಎರಡೂ ಕಡೆಗೆ ಮದ್ದು ಬೇರೆ ಬೇರೆ. ಎಡಗಡೆಯದ್ದಕ್ಕೆ ಕೇಳಬೇಕು, ಚೌಕಾಸಿ ಮಾಡಬೇಕು, ಆಗದಿದ್ದರೆ ಬೇರೆ ಕಡೆ ನೋಡಬೇಕು. ಸತತ ನೈಟ್ ಶಿಫ್ಟ್‌ನಲ್ಲಿ ನಿದ್ದೆ ಕೆಟ್ಟವರಿಗೆ "ಕೆಲಸದಲ್ಲಿ ಆಸಕ್ತಿ ಬೆಳೆಸಿಕೊಳ್ಳಿ" ಅನ್ನುವುದು ಗಾಯದ ಮೇಲೆ ಬರೆ ಎಳೆದಂತೆ. ಅವರಿಗೆ ಬೇಕಾಗಿರುವುದು ಶಿಫ್ಟ್ ಬದಲಾವಣೆ. ಬಲಗಡೆಯದ್ದನ್ನು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ನಾಳೆ ಬೆಳಗ್ಗೆಯಿಂದಲೇ ಬದಲಿಸಬಹುದು. ಮುಂದೆ ಬರೆದಿರುವುದು ಬಹುಪಾಲು ಅದರ ಬಗ್ಗೆ.

2. ನಿಮ್ಮದೇ ಒಂದು ನೋಟ್‌ಬುಕ್ ಇಡಿ

ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಟಿಕೆಟ್ ಟೂಲ್ ಆಫೀಸಿನದ್ದು. ಅದು ಎಣಿಸುತ್ತದೆ: ಎಷ್ಟು ಬಂತು, ಎಷ್ಟು ಮುಚ್ಚಿತು, ಎಷ್ಟು ಹೊತ್ತು ಹಿಡಿಯಿತು. ನೀವು ಏನು ಕಂಡುಹಿಡಿದಿರಿ ಅನ್ನುವುದು ಅದರಲ್ಲಿ ಇರುವುದಿಲ್ಲ. ನಮ್ಮ ಕೆಲಸದ ಪೀಕಲಾಟವೇ ಇದು. ಮರಗೆಲಸದವರಿಗೆ ಸಂಜೆ ಕುರ್ಚಿ ಕಾಣುತ್ತದೆ. ನಮಗೆ ಕಾಣುವುದು ಖಾಲಿಯಾದ ಕ್ಯೂ, ಅದೂ ನಾಳೆ ಬೆಳಗ್ಗೆ ಒಂಬತ್ತಕ್ಕೆ ಮತ್ತೆ ತುಂಬಿರುತ್ತದೆ. ಮಾಡಿದ್ದು ಕಣ್ಣಿಗೇ ಬೀಳದಿದ್ದರೆ ತೃಪ್ತಿ ಎಲ್ಲಿಂದ ಬರಬೇಕು?

ದಿನದ ಕೊನೆಗೆ ಐದು ನಿಮಿಷ ಸಾಕು. ಎಲ್ಲ ಟಿಕೆಟ್ ಬರೆಯಬೇಡಿ, ಒಂದೋ ಎರಡೋ. ಯೂಸರ್ ಏನಂದರು (ಅವರದೇ ಮಾತಿನಲ್ಲಿ), ನಿಜಕ್ಕೂ ಏನಾಗಿತ್ತು, ನನಗೆ ಮೊದಲು ಗೊತ್ತಿಲ್ಲದ್ದು ಏನು. ನನ್ನ ಹಳೇ ಪುಟಗಳಲ್ಲಿ ಇರುವುದು ಈ ಥರ:

"ನೆಟ್ ಹೋಗಿದೆ ಅಂದರು. ಐಪಿ ನೋಡಿದರೆ 169.254ರಿಂದ ಶುರು. ಅಂದರೆ ಡಿಎಚ್‌ಸಿಪಿ (ಸಿಸ್ಟಮ್‌ಗಳಿಗೆ ಐಪಿ ಅಡ್ರೆಸ್ ಹಂಚುವ ವ್ಯವಸ್ಥೆ) ಅಡ್ರೆಸ್ ಕೊಟ್ಟೇ ಇಲ್ಲ, ಸಿಸ್ಟಮ್ ತಾನೇ ಒಂದು ಹಾಕಿಕೊಂಡಿದೆ. ಟೇಬಲ್ ಸರಿಸಿದವರು ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಚುಚ್ಚಿದ್ದರು. ಆ ಪೋರ್ಟ್ ಬೇರೆ ವಿಲ್ಯಾನ್‌ನದ್ದು (ನೆಟ್‌ವರ್ಕ್‌ನ ಬೇರೆಯೇ ಭಾಗ)."

"ಶೇರ್ಡ್ ಫೋಲ್ಡರ್ ಪಾಸ್‌ವರ್ಡ್ ಕೇಳ್ತಾನೇ ಇದೆ ಅಂದರು. ಗಡಿಯಾರ 11 ನಿಮಿಷ ಹಿಂದೆ ಇತ್ತು. ಡೊಮೇನ್‌ನಲ್ಲಿ (ಆಫೀಸಿನ ಸಿಸ್ಟಮ್, ಅಕೌಂಟ್‌ಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ವ್ಯವಸ್ಥೆ) ಲಾಗಿನ್ ಪರಿಶೀಲಿಸುವ ಕರ್ಬರೋಸ್ ಮಾಮೂಲಾಗಿ 5 ನಿಮಿಷದವರೆಗಿನ ವ್ಯತ್ಯಾಸ ಮಾತ್ರ ಒಪ್ಪುತ್ತದೆ. ಟೈಮ್ ಸರ್ವಿಸ್ ನಿಂತುಹೋಗಿತ್ತು. ಗಡಿಯಾರಕ್ಕೂ ಲಾಗಿನ್‌ಗೂ ನೆಂಟಸ್ತಿಕೆ ಇದೆ ಅಂತ ಇವತ್ತು ಗೊತ್ತಾಯ್ತು."

ಯೂಸರ್ ಹೆಸರು, ಪಾಸ್‌ವರ್ಡ್, ಸರ್ವರ್ ವಿವರ ಯಾವುದನ್ನೂ ಇದರಲ್ಲಿ ಬರೆಯಬೇಡಿ. ಇದು ನಿಮ್ಮ ಜೊತೆ ಮನೆಗೆ ಬರುವ ಪುಸ್ತಕ.

ಮೊದಲ ಎರಡು ವಾರ ಏನೂ ಅನ್ನಿಸುವುದಿಲ್ಲ. ಮೂರು ತಿಂಗಳು ಬಿಟ್ಟು ಹಿಂದಿನಿಂದ ಓದಿ. ಆಗ ಅರ್ಧ ದಿನ ತಿಂದ ಸಮಸ್ಯೆ ಈಗ ಹತ್ತು ನಿಮಿಷದ್ದು ಅಂತ ಗೊತ್ತಾದಾಗ ಆಗುವ ಸಮಾಧಾನವನ್ನು ಯಾವ ಅಪ್ರೈಸಲ್ ಮೀಟಿಂಗೂ ಕೊಡುವುದಿಲ್ಲ. ಅಂದಹಾಗೆ ಅಪ್ರೈಸಲ್‌ಗೂ ಇದೇ ಪುಸ್ತಕ ಬೇಕಾಗುತ್ತದೆ. "ಈ ವರ್ಷ ಏನು ಮಾಡಿದಿರಿ?" ಅಂದಾಗ ಬಾಯಿ ಕಟ್ಟಿಹೋಗುವುದು ತಪ್ಪುತ್ತದೆ.

3. ಯೂಸರ್ ಹೇಳಿದ್ದು ನಿಜ ಅಂದುಕೊಂಡೇ ಶುರು ಮಾಡಿ

ಇದನ್ನು ಒಳ್ಳೆತನಕ್ಕೆ ಹೇಳುತ್ತಿಲ್ಲ. ಅವರು ಹೇಳಿದ್ದನ್ನು ನಂಬಿದರೆ ಟಿಕೆಟ್ ಒಗಟಾಗುತ್ತದೆ. ನಂಬದಿದ್ದರೆ ಬರೀ ತಲೆನೋವಾಗುತ್ತದೆ.

ಒಬ್ಬರು ಸಾರ್ ಅಕೌಂಟ್ ಪದೇ ಪದೇ ಲಾಕ್ ಆಗುತ್ತಿತ್ತು. ಬೆಳಗ್ಗೆ ಒಂದು ಸಲ ಅನ್‌ಲಾಕ್ ಮಾಡಿದೆ. ಮಧ್ಯಾಹ್ನ ಮತ್ತೆ. ಮೂರನೇ ಸಲ ಫೋನ್ ಬಂದಾಗ ಅವರ ಧ್ವನಿ ಏರಿತ್ತು. "ನಾನು ಪಾಸ್‌ವರ್ಡ್ ತಪ್ಪು ಹೊಡೀತಿಲ್ಲ ರೀ, ಎಷ್ಟು ಸಲ ಹೇಳ್ಬೇಕು?" ಅನ್‌ಲಾಕ್ ಮಾಡಲು ಎರಡು ನಿಮಿಷ. ಲೆಕ್ಕದಲ್ಲಿ ಮೂರು ಟಿಕೆಟ್, ಮೂರೂ ಟೈಮಿಗೆ ಕ್ಲೋಸ್, ಅಂಕಿ ಚೆನ್ನಾಗಿಯೇ ಇತ್ತು. ಆದರೆ ಆ ದಿನ ಅವರ ಮಾತನ್ನು ನಿಜ ಅಂತಲೇ ಇಟ್ಟುಕೊಂಡೆ. ಅವರು ತಪ್ಪು ಹೊಡೆಯುತ್ತಿಲ್ಲ ಅಂದರೆ ಇನ್ಯಾರೋ ಹೊಡೆಯುತ್ತಿದ್ದಾರೆ. ಯಾರು?

ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಅಕೌಂಟ್ ಲಾಕ್ ಆದಾಗ 4740 ಅನ್ನುವ ಈವೆಂಟ್ ಬೀಳುತ್ತದೆ. ಯಾವ ಸಿಸ್ಟಮ್ ಕಡೆಯಿಂದ ತಪ್ಪು ಪಾಸ್‌ವರ್ಡ್ ಬಂತು ಅಂತ ಅದರಲ್ಲಿ ಹೆಸರೂ ಇರುತ್ತದೆ. ನನಗೆ ಆ ಲಾಗ್ ನೋಡುವ ಅಧಿಕಾರ ಇರಲಿಲ್ಲ. ಸರ್ವರ್ ಟೀಮಿನವರ ಪಕ್ಕ ಹೋಗಿ ಕೂತೆ, ತೆರೆದು ತೋರಿಸಿದರು. ಅಲ್ಲಿದ್ದದ್ದು ಸಾರ್ ಲ್ಯಾಪ್‌ಟಾಪ್ ಅಲ್ಲ, ಮೇಲ್ ಸರ್ವರ್ ಹೆಸರು. ಅಂದರೆ ಇನ್ನೆಲ್ಲೋ ಒಂದು ಕಡೆ ಇವರ ಮೇಲ್ ತೆರೆಯಲು ಹಳೇ ಪಾಸ್‌ವರ್ಡ್ ಬಡಿದುಕೊಳ್ಳುತ್ತಿದೆ. ಫೋನ್ ಮಾಡಿ ಕೇಳಿದೆ, "ಸಾರ್, ಬೇರೆ ಯಾವುದ್ರಲ್ಲಾದ್ರೂ ಆಫೀಸ್ ಮೇಲ್ ಹಾಕ್ಕೊಂಡಿದ್ರಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ, ಹಳೇ ಫೋನ್ ಇದೆ. ಮಗಳಿಗೆ ಆಟ ಆಡೋಕೆ ಕೊಟ್ಟಿದೀನಿ."

ಹುಡುಗಿ ವೈಫೈ ಆನ್ ಮಾಡಿದಾಗಲೆಲ್ಲ ಅಪ್ಪನ ಅಕೌಂಟ್ ಲಾಕ್! ಆ ದಿನ ಸಂಜೆ ನಾನು ಮನೆಗೆ ಹೋದ ಖುಷಿಯೇ ಬೇರೆ.

ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು 1970ರ ದಶಕದಲ್ಲಿ ಕೆಲಸ ಯಾಕೆ ಹಿಡಿಸುತ್ತದೆ ಅಂತ ಐದು ಗುಣಗಳನ್ನು ಹೇಳಿದ್ದರು. ಅದರಲ್ಲಿ ಒಂದು, ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ನಾವೇ ಮಾಡಿ ಮುಗಿಸುವುದು. ಮೊದಲ ಹಂತದ ಸಪೋರ್ಟ್‌ನಲ್ಲಿ ನಮಗೆ ತಪ್ಪಿಹೋಗುವುದು ಇದೇ. ಸ್ವಲ್ಪ ಗಟ್ಟಿ ಸಮಸ್ಯೆ ಬಂದರೆ ಎಸ್ಕಲೇಟ್ ಮಾಡುತ್ತೇವೆ, ಅಂದರೆ ಮೇಲಿನ ಟೀಮಿಗೆ ದಾಟಿಸುತ್ತೇವೆ, ಆಮೇಲೆ ಅದರ ಕಥೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಪತ್ತೇದಾರಿ ಕಥೆಯ ಮೊದಲ ಎರಡು ಅಧ್ಯಾಯ ಮಾತ್ರ ಓದಿದ ಹಾಗೆ.

ಹಾಗಾಗಿ ಎಸ್ಕಲೇಟ್ ಮಾಡಿದ ಟಿಕೆಟ್‌ನ ಬಾಲ ಬಿಡಬೇಡಿ. ವಾರಕ್ಕೆ ಎರಡನ್ನಾದರೂ ಹಿಂಬಾಲಿಸಿ, "ಅದು ಕೊನೆಗೆ ಏನಾಗಿತ್ತು?" ಅಂತ ಆ ಟೀಮಿನವರನ್ನು ಕೇಳಿ. ಬಹಳಷ್ಟು ಜನ ಖುಷಿಯಿಂದಲೇ ಹೇಳುತ್ತಾರೆ, ಅವರನ್ನೂ ಯಾರೂ ಕೇಳಿರುವುದಿಲ್ಲ ಅಲ್ವಾ. ಮುಂದಿನ ಸಲ ಎಸ್ಕಲೇಟ್ ಮಾಡುವಾಗ ಅವರಿಗೆ ಬೇಕಾದ ಲಾಗ್, ಸ್ಕ್ರೀನ್‌ಶಾಟ್ ಜೊತೆಗೇ ಕಳಿಸಿ. ಕ್ರಮೇಣ ಅವರೇ "ಇದನ್ನು ನೀನೇ ಮಾಡಿಬಿಡಪ್ಪ" ಅಂತ ಅಧಿಕಾರ ಕೊಡಿಸುತ್ತಾರೆ. ನನಗೆ ಆ 4740 ನೋಡುವ ಅಧಿಕಾರ ಸಿಕ್ಕಿದ್ದು ಹೀಗೇ.

4. ತಿಂಗಳಿಗೊಂದು ಟಿಕೆಟ್ ಬೇರುಸಹಿತ ಕೀಳಿ

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಸಪೋರ್ಟ್ ಕೆಲಸದ ಬೇಸರಕ್ಕೆ ದೊಡ್ಡ ಕಾರಣ ಅದು. ಅದೇ ಪ್ರಿಂಟರ್, ಅದೇ ವಿಪಿಎನ್, ಅದೇ ಪಾಸ್‌ವರ್ಡ್. ಐಟಿಐಎಲ್ (ಐಟಿ ಸೇವೆ ನಡೆಸುವ ಪದ್ಧತಿಗಳ ಚೌಕಟ್ಟು) ಓದಿದವರಿಗೆ ಇನ್ಸಿಡೆಂಟ್ ಬೇರೆ, ಪ್ರಾಬ್ಲಮ್ ಬೇರೆ ಅಂತ ಗೊತ್ತಿರುತ್ತದೆ. ನಿಂತುಹೋದ ಕೆಲಸವನ್ನು ಬೇಗ ಮತ್ತೆ ಶುರು ಮಾಡಿಸುವುದು ಇನ್ಸಿಡೆಂಟ್ ಕಡೆಯ ಕೆಲಸ. ಅದು ಯಾಕೆ ನಿಲ್ಲುತ್ತಿದೆ ಅನ್ನುವ ಬೇರು ಹುಡುಕುವುದು ಪ್ರಾಬ್ಲಮ್ ಕಡೆಯದ್ದು. ಪರೀಕ್ಷೆಗೆ ಓದಿ ಮರೆತುಬಿಡುವ ವ್ಯತ್ಯಾಸ ಇದು. ನನ್ನ ಮಟ್ಟಿಗೆ ತೃಪ್ತಿಯ ಬೀಗದ ಕೈ ಇದರಲ್ಲೇ ಇದೆ.

ಮಾಡುವುದು ಹೀಗೆ. ಕಳೆದ 30 ದಿನದ ಟಿಕೆಟ್‌ಗಳನ್ನು ಟೂಲ್‌ನಿಂದ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಒಂದೇ ಥರದವನ್ನು ಗುಂಪು ಮಾಡಿ. ಜಾಸ್ತಿ ಬಂದಿರುವ ಐದರಲ್ಲಿ, ನಿಮ್ಮ ಕೈಯಲ್ಲಿ ಅಥವಾ ನಿಮ್ಮ ಪಕ್ಕದವರ ಕೈಯಲ್ಲಿ ಸರಿಮಾಡಲು ಆಗುವುದನ್ನು ಆರಿಸಿ. ಎಲ್ಲಕ್ಕಿಂತ ದೊಡ್ಡದನ್ನು ಹಿಡಿಯಬೇಡಿ. ದೊಡ್ಡದು ಸಾಮಾನ್ಯವಾಗಿ ಬಜೆಟ್ ಇಲ್ಲದೆ ನಿಂತಿರುತ್ತದೆ, ನಿಮ್ಮ ಹುಮ್ಮಸ್ಸನ್ನೂ ನುಂಗುತ್ತದೆ.

ನಾನು ಮೊದಲು ಹಿಡಿದದ್ದು ಒಂದು ಪ್ರಿಂಟರ್. ಸೋಮವಾರ ಬಂತೆಂದರೆ ಆ ಮಹಡಿಯಿಂದ "ಪ್ರಿಂಟರ್ ಆಫ್‌ಲೈನ್" ಅಂತ ಫೋನ್. ನಾವು ಹೋಗಿ ಪ್ರಿಂಟರ್ ತೆಗೆದು ಮತ್ತೆ ಆ್ಯಡ್ ಮಾಡಿ ಬರುತ್ತಿದ್ದೆವು, ಸರಿಯಾಗುತ್ತಿತ್ತು. ಎಲ್ಲ ಬಿಟ್ಟು ಸೋಮವಾರವೇ ಯಾಕೆ? ಶುಕ್ರವಾರ ಸಂಜೆ ಯಾರೋ ಒಳ್ಳೆಯ ಮನಸ್ಸಿನಿಂದ ಪ್ರಿಂಟರ್ ಸ್ವಿಚ್ ಆಫ್ ಮಾಡಿ ಹೋಗುತ್ತಿದ್ದರು. ಎರಡು ದಿನದಲ್ಲಿ ಡಿಎಚ್‌ಸಿಪಿ ಕೊಟ್ಟಿದ್ದ ಅಡ್ರೆಸ್‌ನ ಅವಧಿ ಮುಗಿದು ಅದು ಬೇರೆಯವರ ಪಾಲಾಗುತ್ತಿತ್ತು. ಸೋಮವಾರ ಪ್ರಿಂಟರ್‌ಗೆ ಹೊಸ ಅಡ್ರೆಸ್. ಎಲ್ಲರ ಸಿಸ್ಟಮ್‌ಗಳು ಮಾತ್ರ ಹಳೇ ಅಡ್ರೆಸ್‌ಗೇ ಕಾಗದ ಕಳಿಸುತ್ತಾ ಕೂತಿರುತ್ತಿದ್ದವು. ಡಿಎಚ್‌ಸಿಪಿಯಲ್ಲಿ ಆ ಪ್ರಿಂಟರ್‌ಗೆ ಒಂದು ರಿಸರ್ವೇಶನ್ (ಅದಕ್ಕೇ ಮೀಸಲಾದ ಅಡ್ರೆಸ್) ಹಾಕಿದರೆ ಮುಗಿಯಿತು. ಅದು ನೆಟ್‌ವರ್ಕ್ ಟೀಮಿನವರಿಗೆ ಐದು ನಿಮಿಷದ ಕೆಲಸ.

ಆ ಐದು ನಿಮಿಷದ ಕೆಲಸ ಮಾಡಿಸುವುದು ಹೇಗೆ ಅನ್ನುವುದೂ ಕಲಿಯಬೇಕಾದದ್ದೇ. "ಪ್ರಿಂಟರ್ ತುಂಬಾ ಕಾಟ ಕೊಡ್ತಿದೆ" ಅಂತ ಬರೆದರೆ ಯಾರೂ ಅಲುಗಾಡುವುದಿಲ್ಲ. "4 ವಾರದಲ್ಲಿ 14 ಟಿಕೆಟ್, ಒಂದಕ್ಕೆ 15 ನಿಮಿಷದಂತೆ ಮೂರೂವರೆ ಗಂಟೆ. ಕಾರಣ ಇದು. ಬೇಕಾಗಿರುವುದು ಒಂದು ರಿಸರ್ವೇಶನ್. ಮ್ಯಾಕ್ ಅಡ್ರೆಸ್ ಕೆಳಗಿದೆ" ಅಂತ ಬರೆದೆ. ಅದೇ ದಿನ ಆಯಿತು.

ಮುಂದಿನ ಸೋಮವಾರ ಫೋನ್ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಬಾರದ ಫೋನಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಆ ಮಹಡಿಯವರಿಗೆ ಏನೋ ಬದಲಾಗಿದೆ ಅನ್ನುವುದೂ ಗೊತ್ತಾಗಲಿಲ್ಲ. ಅದಕ್ಕೇ ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ "ಸತ್ತ ಟಿಕೆಟ್‌ಗಳು" ಅಂತ ಒಂದು ಪಟ್ಟಿ ಶುರು ಮಾಡಿದೆ. ಮೊದಲನೆಯದು ಆ ಪ್ರಿಂಟರ್. ಕೆಟ್ಟ ದಿನಗಳಲ್ಲಿ ನಾನು ತೆರೆದು ನೋಡುವ ಪುಟ ಅದು.

ಸಣ್ಣಪುಟ್ಟ ಸ್ಕ್ರಿಪ್ಟ್ ಬರೆಯುವುದೂ ಇದೇ ಸಾಲಿಗೆ ಸೇರುತ್ತದೆ. ಹೊಸಬರಿಗೆ ಸಿಸ್ಟಮ್ ಸೆಟಪ್ ಮಾಡುವಾಗಿನ ಹತ್ತು ಕ್ಲಿಕ್‌ಗಳನ್ನು ವಿಂಡೋಸ್‌ಗೆ ಕಮಾಂಡ್ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನ ಹತ್ತು ಸಾಲಿಗೆ ಇಳಿಸಿದರೆ ಕೆಲಸವೂ ಹಗುರ, ಕಲಿಕೆಯೂ ಆಯಿತು. ಮೊದಲು ನಿಮ್ಮ ಟೆಸ್ಟ್ ಮಷೀನ್ ಮೇಲೆ ಓಡಿಸಿ, ಲೀಡ್‌ಗೆ ಹೇಳಿ ಮಾಡಿ. "ಎಲ್ಲ ಆಟೋಮೇಟ್ ಮಾಡಿದರೆ ನಮ್ಮ ಕೆಲಸ ಹೋಗಲ್ವಾ?" ಅಂತ ಕೆಲವರು ಕೇಳುತ್ತಾರೆ. ಒಂದು ಥರದ ಟಿಕೆಟ್ ಸತ್ತ ಜಾಗಕ್ಕೆ ಇನ್ನೊಂದು ಥರದ್ದು ಬಂದು ಕೂರುವುದನ್ನೇ ನಾನು ನೋಡಿದ್ದೇನೆ. ಹೊಸದು ಹಳೆಯದಕ್ಕಿಂತ ಸ್ವಲ್ಪ ಚೆನ್ನಾಗಿರುತ್ತದೆ, ಅಷ್ಟೇ ಲಾಭ.

5. ಕಂಡುಕೊಂಡದ್ದನ್ನು ಬರೆದು ಹಂಚಿ

ನೋಟ್‌ಬುಕ್ ನಿಮಗೆ, ನಾಲೆಡ್ಜ್ ಬೇಸ್ ಎಲ್ಲರಿಗೆ. ಬರೆಯುವಾಗ ಎರಡೇ ಮಾತು ನೆನಪಿಡಿ. ಟಿಕೆಟ್ ಮುಚ್ಚುವ ಮೊದಲೇ ಬರೆಯಿರಿ, "ಶುಕ್ರವಾರ ಕೂತು ಬರೆಯೋಣ" ಅಂದರೆ ಆ ಶುಕ್ರವಾರ ಬರುವುದೇ ಇಲ್ಲ. ಇನ್ನೊಂದು, ತಲೆಬರಹ ಯೂಸರ್ ಮಾತಿನಲ್ಲಿ ಇರಲಿ. "ಡಿಎಚ್‌ಸಿಪಿ ಲೀಸ್ ಸಮಸ್ಯೆ" ಅಂತ ಯಾರೂ ಹುಡುಕುವುದಿಲ್ಲ, "ಸೋಮವಾರ ಪ್ರಿಂಟರ್ ಆಫ್‌ಲೈನ್" ಅಂತ ಹುಡುಕುತ್ತಾರೆ.

ನೀವು ಬರೆದದ್ದನ್ನು ನೋಡಿಕೊಂಡು ಹೊಸಬನೊಬ್ಬ ರಾತ್ರಿ ಶಿಫ್ಟ್‌ನಲ್ಲಿ ಯಾರನ್ನೂ ಎಬ್ಬಿಸದೆ ಸಮಸ್ಯೆ ಬಿಡಿಸಿದ ಅಂತ ಬೆಳಗ್ಗೆ ಗೊತ್ತಾಗುವುದಿದೆಯಲ್ಲ, ಅದನ್ನು ಒಂದು ಸಲ ಅನುಭವಿಸಿ ನೋಡಿ.

6. ಸಿಟ್ಟಿನ ಕಾಲ್‌ಗಳನ್ನು ಹೊರುವುದು

ನಮ್ಮನ್ನು ಸುಸ್ತು ಮಾಡುವುದು ಯಂತ್ರಗಳಲ್ಲ, ಮನುಷ್ಯರು. ಒಳಗೆ ಕುದಿಯುತ್ತಿದ್ದರೂ ಧ್ವನಿ ತಣ್ಣಗೆ ಇಟ್ಟುಕೊಳ್ಳುವುದೂ ಒಂದು ದುಡಿಮೆಯೇ ಅಂತ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದರು. ವಿಮಾನದ ಗಗನಸಖಿಯರನ್ನು ನೋಡಿ ಅವರು ಹೇಳಿದ್ದು ಹೆಲ್ಪ್ ಡೆಸ್ಕ್‌ಗೂ ಪೂರ್ತಿ ಹೊಂದುತ್ತದೆ. ದುಡಿಮೆ ಅಂದ ಮೇಲೆ ದಣಿವೂ ಇದ್ದೇ ಇರುತ್ತದೆ, ಅದಕ್ಕೆ ಬಿಡುವೂ ಬೇಕು.

ಸಿಟ್ಟಿನಲ್ಲಿರುವವರ ಹತ್ತಿರ ಹೋದಾಗ ಮೊದಲ ಒಂದು ನಿಮಿಷ ಮೌಸ್ ಮುಟ್ಟಬೇಡಿ. ಸುಮ್ನೆ ಕೇಳಿ. ಹೆಚ್ಚಿನವರ ಸಿಟ್ಟಿನ ಕೆಳಗೆ ಭಯ ಇರುತ್ತದೆ: ಮಧ್ಯಾಹ್ನ ಮೂರಕ್ಕೆ ರಿಪೋರ್ಟ್ ಕೊಡಬೇಕು, ಫೈಲ್ ತೆರೆಯುತ್ತಿಲ್ಲ. "ಯಾವಾಗ ಬೇಕು ನಿಮಗೆ ಇದು?" ಅಂತ ಕೇಳಿ. ಏನಾಗಿದೆ ಅನ್ನೋದಕ್ಕಿಂತ ಮೊದಲು ಇದನ್ನು ಕೇಳಿದರೆ ಎದುರಿನವರ ಭುಜ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ನೀವು ಏನು ಮಾಡುತ್ತೀರಿ, ಎಷ್ಟು ಹೊತ್ತಿಗೆ ಮತ್ತೆ ಹೇಳುತ್ತೀರಿ ಅಂತ ಹೇಳಿ. ಆ ಹೊತ್ತಿಗೆ ಸಮಸ್ಯೆ ಬಿಡಿಸಿರದಿದ್ದರೂ ಫೋನ್ ಮಾಡಿ. ಸುದ್ದಿಯೇ ಇಲ್ಲದೆ ಕಾಯುವುದು "ಇನ್ನೂ ಆಗಿಲ್ಲ" ಅಂತ ಕೇಳುವುದಕ್ಕಿಂತ ಕಷ್ಟ.

ಇನ್ನು ಕೆಲವರಿಗೆ ನಾಚಿಕೆ. ಕ್ಯಾಪ್ಸ್ ಲಾಕ್ ಆನ್ ಇತ್ತು ಅಂತ ಗೊತ್ತಾದಾಗ ಮುಖ ಸಣ್ಣದಾಗುತ್ತದೆ. "ಇವತ್ತಿಗೆ ನೀವು ಮೂರನೆಯವರು" ಅನ್ನಿ. ನಿಜವೂ ಇರುತ್ತದೆ. ಅವರು ಮುಂದಿನ ಸಲ ಏನಾಯಿತು ಅಂತ ಮುಚ್ಚಿಡದೆ ಹೇಳುತ್ತಾರೆ, ನಿಮಗೂ ಕೆಲಸ ಸುಲಭ.

ಬೈಗುಳ ಮಾತ್ರ ಬೇರೆ. ಅದು ಸಂಬಳದಲ್ಲಿ ಸೇರಿಲ್ಲ. "ನೀವು ಹೀಗೆ ಮಾತಾಡಿದರೆ ಈ ಕಾಲ್ ಮುಂದುವರಿಸಲು ಆಗೋದಿಲ್ಲ" ಅಂತ ಒಂದು ಸಲ ಹೇಳಿ, ನಿಲ್ಲದಿದ್ದರೆ ಕಾಲ್ ಮುಗಿಸಿ, ನಡೆದದ್ದನ್ನು ಟಿಕೆಟ್‌ನಲ್ಲಿ ಇದ್ದ ಹಾಗೆ ಬರೆದು ಲೀಡ್‌ಗೆ ತಕ್ಷಣ ತಿಳಿಸಿ. ಹೀಗೆ ಮಾಡಬಹುದಾ ಅಂತ ಲೀಡ್ ಹತ್ತಿರ ಮೊದಲೇ ಮಾತಾಡಿಕೊಂಡಿರಿ, ಸಂದರ್ಭ ಬಂದಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಅಂಥ ಕಾಲ್ ಆದ ಮೇಲೆ ಎದ್ದು ಐದು ನಿಮಿಷ ಓಡಾಡಿ ಬನ್ನಿ. ಮುಂದಿನ ಯೂಸರ್‌ಗೆ ಹಿಂದಿನವರ ಸಿಟ್ಟು ಹಂಚುವುದು ಬೇಡ.

7. ಅಂಕಿಗಳನ್ನು ಅಂಕಿಯಾಗಿಯೇ ನೋಡಿ

ನಮ್ಮ ಕ್ಷೇತ್ರದಲ್ಲಿ ಕಲ್ಲಂಗಡಿ ರಿಪೋರ್ಟ್ ಅನ್ನುತ್ತಾರೆ: ಹೊರಗೆ ಹಸಿರು, ಒಳಗೆ ಕೆಂಪು. ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಮುಗಿಸುತ್ತೇವೆ ಅನ್ನುವ ಒಪ್ಪಂದ) ಎಲ್ಲ ಹಸಿರು, ಯೂಸರ್ ಮಾತ್ರ ಕೆಂಡ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಅನ್ನುವ ಮಾತಿದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹೇಳಿದ ತತ್ವದಿಂದ ಬೆಳೆದದ್ದು. ಆ ಮೂರು ಅನ್‌ಲಾಕ್ ಟಿಕೆಟ್‌ಗಳನ್ನೇ ನೆನಪಿಸಿಕೊಳ್ಳಿ.

ಅಂಕಿ ಬೇಡ ಅನ್ನಲು ಆಗುವುದಿಲ್ಲ, ಕೊಡಬೇಕಾದದ್ದನ್ನು ಕೊಡಿ. ಜೊತೆಗೆ ನಿಮ್ಮದೇ ಒಂದು ಅಂಕಿ ಇಟ್ಟುಕೊಳ್ಳಿ. ನನ್ನದು, ಒಂದು ವಾರದೊಳಗೆ ವಾಪಸ್ ಬಂದ ಟಿಕೆಟ್ ಎಷ್ಟು ಅನ್ನೋದು.

8. ದೊಡ್ಡ ದಿನಕ್ಕೆ ತಯಾರಾಗಿರಿ

2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಸಿಸ್ಟಮ್‌ಗಳು ನೀಲಿ ಪರದೆ ತೋರಿಸಿ ಕೂತವು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಸುಮಾರು 85 ಲಕ್ಷ. ತಪ್ಪು ಅಪ್‌ಡೇಟನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದೂವರೆ ಗಂಟೆಯೂ ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ಬಿದ್ದುಹೋದ ಎಷ್ಟೋ ಸಿಸ್ಟಮ್‌ಗಳು ಬೂಟ್ ಆಗುತ್ತಲೇ ಇರಲಿಲ್ಲ, ರಿಮೋಟ್ ತಗೊಳ್ಳುವಂತಿಲ್ಲ. ಒಬ್ಬೊಬ್ಬರು ಒಂದೊಂದು ಮಷೀನ್ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಒಂದು ಫೈಲ್ ಅಳಿಸಿ, ರಿಸ್ಟಾರ್ಟ್ ಮಾಡಬೇಕಿತ್ತು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದ ಕಡೆ ಮೊದಲು 48 ಅಂಕಿಯ ರಿಕವರಿ ಕೀ ಹೊಡೆಯಬೇಕು. ಅದನ್ನೆಲ್ಲ ಮಾಡಿದವರು ನಮ್ಮಂಥವರೇ.

ಅಂಥ ದಿನ ಕಣ್ಣಿಗೆ ಕಾಣದ ಕೆಲಸ ಎಲ್ಲರಿಗೂ ಕಾಣುತ್ತದೆ. ತಯಾರಿ ಇದ್ದರೆ ಆ ದಿನ ಹೆಮ್ಮೆಯದ್ದು, ಇಲ್ಲದಿದ್ದರೆ ಕೆಟ್ಟ ಕನಸು. ರಿಕವರಿ ಕೀಗಳು ಎಲ್ಲಿವೆ, ಅವನ್ನು ಇಟ್ಟ ಸರ್ವರೇ ಬಿದ್ದರೆ ಏನು ಮಾಡುವುದು, ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನುವುದನ್ನು ಒಂದು ಕಾಗದದಲ್ಲಿ ಪ್ರಿಂಟ್ ತೆಗೆದು ಇಟ್ಟಿರಿ. ಕೀಗಳನ್ನಲ್ಲ, ಅವು ಇರುವ ಜಾಗ ಮತ್ತು ಮಾಡುವ ವಿಧಾನವನ್ನು. (ಜುಲೈ ತಿಂಗಳ ಕೊನೇ ಶುಕ್ರವಾರವನ್ನು ಸಿಸ್ಟಮ್ ಅಡ್ಮಿನ್‌ಗಳಿಗೆ ಥ್ಯಾಂಕ್ಸ್ ಹೇಳುವ ದಿನ ಅಂತ 2000ನೇ ಇಸವಿಯಿಂದ ಆಚರಿಸುತ್ತಾರೆ. 2024ರಲ್ಲಿ ಅದು ಬಂದದ್ದು ಸರಿಯಾಗಿ ಒಂದು ವಾರಕ್ಕೆ, ಜುಲೈ 26ರಂದು.)

9. ಕೆಲಸ ಮುಗಿದ ಮೇಲೆ ಮುಗಿಯಿತು

ಆನ್ ಕಾಲ್ ಇಲ್ಲದ ದಿನ ಆಫೀಸ್ ಚಾಟ್‌ನ ಸದ್ದು ಆರಿಸಿ. ಕಾರಿಡಾರ್‌ನಲ್ಲಿ ಹಿಡಿದು "ಒಂದ್ನಿಮಿಷ, ನನ್ನ ಲ್ಯಾಪ್‌ಟಾಪ್..." ಅನ್ನುವವರಿಗೆ "ಒಂದು ಟಿಕೆಟ್ ಹಾಕಿ, ಇಲ್ಲದಿದ್ದರೆ ನಾನೇ ಮರೆತುಬಿಡ್ತೀನಿ" ಅನ್ನಿ. ಒರಟು ಅನ್ನಿಸುವುದಿಲ್ಲ, ಮಾಡಿದ ಕೆಲಸಕ್ಕೆ ಲೆಕ್ಕವೂ ಉಳಿಯುತ್ತದೆ. ನೆಂಟರ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ನಾನು ಇಷ್ಟು ವರ್ಷವಾದರೂ ಸೋಲುತ್ತಲೇ ಇದ್ದೇನೆ, ಸಲಹೆ ಕೊಡುವ ಯೋಗ್ಯತೆ ಇಲ್ಲ.

10. ಮುಂದಿನ ದಾರಿಯನ್ನು ನೋಟ್‌ಬುಕ್ಕಿನಲ್ಲೇ ಹುಡುಕಿ

"ಸಪೋರ್ಟ್‌ನಲ್ಲೇ ಎಷ್ಟು ದಿನ ಇರ್ತೀಯಾ?" ಅಂತ ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಇದು ಮೆಟ್ಟಿಲು, ಕೆಲವರಿಗೆ ಇದೇ ಮನೆ. ಎರಡರಲ್ಲೂ ತಪ್ಪಿಲ್ಲ. ಮೆಟ್ಟಿಲು ಅನ್ನುವವರು ಯಾವ ಸರ್ಟಿಫಿಕೇಟ್ ಮಾಡಲಿ ಅಂತ ಊರೆಲ್ಲ ಕೇಳುವ ಮೊದಲು ತಮ್ಮ ನೋಟ್‌ಬುಕ್ ತೆರೆಯಲಿ. ಯಾವ ಟಿಕೆಟ್‌ಗಳ ಬಗ್ಗೆ ಒಂದು ಸಾಲಿನ ಬದಲು ಅರ್ಧ ಪುಟ ಬರೆದಿದ್ದೀರಿ? 169.254ರಂಥವೇ ತುಂಬಿದ್ದರೆ ನಿಮ್ಮ ಮನಸ್ಸು ನೆಟ್‌ವರ್ಕ್ ಕಡೆ ಇದೆ. ಅಕೌಂಟ್ ಲಾಕ್, ಲಾಗ್‌ಗಳೇ ಜಾಸ್ತಿಯಾದರೆ ಸೆಕ್ಯುರಿಟಿ. ಜನರಿಗೆ ಹೇಗೆ ವಿವರಿಸಿದೆ ಅನ್ನುವುದೇ ತುಂಬಿದ್ದರೆ ಟ್ರೈನಿಂಗ್ ಅಥವಾ ಟೀಮ್ ನಡೆಸುವ ಕೆಲಸ. ಅದಕ್ಕೆ ತಕ್ಕ ಓದು, ಪರೀಕ್ಷೆ ಆಮೇಲೆ.

ಬಿಡುವ ಹೊತ್ತು ಯಾವುದು ಅಂತಲೂ ಅದೇ ಪುಸ್ತಕ ಹೇಳುತ್ತದೆ. ಎರಡು ಮೂರು ತಿಂಗಳು "ಇವತ್ತು ಗೊತ್ತಾಯ್ತು" ಅನ್ನುವ ಒಂದು ಸಾಲೂ ಇಲ್ಲ, ಸತ್ತ ಟಿಕೆಟ್‌ಗಳ ಪಟ್ಟಿ ಬೆಳೆದಿಲ್ಲ, ಕೇಳಿದ ಯಾವುದಕ್ಕೂ ಒಪ್ಪಿಗೆ ಸಿಗುತ್ತಿಲ್ಲ ಅಂದರೆ ನಿಮ್ಮಲ್ಲಿ ತಪ್ಪು ಹುಡುಕುವುದು ನಿಲ್ಲಿಸಿ. ರೆಸ್ಯೂಮೆ ಸರಿಮಾಡಿಕೊಳ್ಳಿ. ಅದಕ್ಕೆ ಬೇಕಾದದ್ದೂ ಅದರಲ್ಲೇ ಇದೆ.

ಆ ಫಾಸ್ಟ್ ಸ್ಟಾರ್ಟಪ್ ಮೇಡಂ ಕಥೆ ಅರ್ಧಕ್ಕೇ ಬಿಟ್ಟೆ. ವಿಷಯ ತಿಳಿದ ಮೇಲೆ ಆ ಸೆಟ್ಟಿಂಗ್ ಆಫ್ ಮಾಡಲು ಅವರ ಸೀಟಿಗೆ ಮತ್ತೆ ಹೋಗಿದ್ದೆ. "ಮೇಡಂ, ಅವತ್ತು ನೀವು ಹೇಳಿದ್ದೇ ಸರಿ. ನೀವು ದಿನಾ ಶಟ್‌ಡೌನ್ ಮಾಡ್ತಿದ್ರಿ, ಅದು ಪೂರ್ತಿ ಆಗ್ತಿರಲಿಲ್ಲ" ಅಂದೆ. ಅವರಿಗೆ ಅವತ್ತಿನದು ಯಾವುದೂ ನೆನಪಿರಲಿಲ್ಲ. "ಹೌದಾ? ಹೇಗೂ ಬಂದಿದ್ದೀಯಲ್ಲಪ್ಪ, ಈ ಸ್ಕ್ಯಾನರ್ ಸ್ವಲ್ಪ ನೋಡು" ಅಂದರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. "ಏನಾಗ್ತಿದೆ ಹೇಳಿ ಮೇಡಂ" ಅಂದೆ.